ಫಿಲ್ಟರ್ ಹಾಕಿದ್ರೆ ಔಷಧಿ ಹೋಗುತ್ತಾ? ಶುಂಠಿ ಗದ್ದೆ, ಹೇಮಾವತಿ ನೀರು, ಕರಟದ ಇದ್ದಿಲು

ಮೊದಲು ಒಂದು ಲೆಕ್ಕ. ಕ್ಲೋರ್‌ಪೈರಿಫಾಸ್ 20 ಇಸಿ ಅಂತ ಕೀಟನಾಶಕ ಬರುತ್ತಲ್ಲ (ನೀರಿಗೆ ಕಲಸೋ ದ್ರವ, ಅದರಲ್ಲಿ ಮದ್ದು 20 ಪರ್ಸೆಂಟ್), ಕಾಫಿ ಕಾಂಡ ಕೊರೆಯೋ ಬೋರರ್ ಹುಳಕ್ಕೆ, ಶುಂಠಿ ಬುಡಕ್ಕೆ, ಮನೆ ಗೆದ್ದಲಿಗೆ, ಹಿಂಗೆ ಎಲ್ಲಾದಕ್ಕೂ ನಮ್ಮ ಕಡೆ ತಂದು ಹಾಕೋದು, ಅದರ 100 ಎಂಎಲ್ ಬಾಟ್ಲಿಯಲ್ಲಿ ನಿಜವಾದ ಮದ್ದು ಇರೋದು 20 ಗ್ರಾಂ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಇದಕ್ಕೆ ಕೊಟ್ಟಿರೋ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಭಾಗಿಸಿ ನೋಡಿ, ಆ ಒಂದು ಸಣ್ಣ ಬಾಟ್ಲಿ ಸುಮಾರು ಆರೂವರೆ ಲಕ್ಷ ಲೀಟರ್ ನೀರನ್ನ ಮಿತಿಗೆ ತಂದು ನಿಲ್ಲಿಸೋಕೆ ಸಾಕು. ಬಾಟಲ್ ನೀರಿಗೆ ಇರೋ ಮಿತಿ ಇನ್ನೂ ಬಿಗಿ, ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ದಾಟೋ ಹಂಗಿಲ್ಲ. ಆ ಲೆಕ್ಕದಲ್ಲಿ ಅದೇ ಬಾಟ್ಲಿ 20 ಕೋಟಿ ಲೀಟರ್‌ಗೆ ಆಗುತ್ತೆ.

ಹೆದರ್ಸೋಕೆ ಹೇಳ್ತಿಲ್ಲ. ಬಾಟ್ಲಿಯಲ್ಲಿರೋದೆಲ್ಲಾ ನೀರಿಗೆ ಹೋಗಲ್ಲ, ಬಹುಪಾಲು ಗಿಡದ ಮೇಲೆ, ಮಣ್ಣಲ್ಲಿ ಉಳಿದು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಒಡೆದು ಹೋಗುತ್ತೆ. ಆದ್ರೆ ಎಷ್ಟು ಸಣ್ಣ ಪ್ರಮಾಣದ ಬಗ್ಗೆ ಮಾತಾಡ್ತಿದೀವಿ ಅನ್ನೋದು ಮೊದಲೇ ತಲೆಗೆ ಹೋಗ್ಲಿ ಅಂತ. ಯಾಕಂದ್ರೆ ಹಾಸನ, ಚಿಕ್ಕಮಗಳೂರಲ್ಲಿ ಈಗ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ್ರೂ ವಾಟರ್ ಫಿಲ್ಟರ್ ಡಬ್ಬದ ಮೇಲೆ "ಕೀಟನಾಶಕ ತೆಗೆಯುತ್ತದೆ" ಅಂತ ಬರೆದಿರುತ್ತೆ, ಇನ್ನೊಂದು ಕಡೆ ಪೇಪರಲ್ಲಿ ಆಗಾಗ "ಕಾಫಿ ಹೊಟ್ಟಿನಿಂದ ಕೀಟನಾಶಕ ಹೀರುವ ಇದ್ದಿಲು, 99 ಪರ್ಸೆಂಟ್ ಯಶಸ್ಸು" ಅನ್ನೋ ಥರದ ಸುದ್ದಿ ಬರುತ್ತೆ. ಎರಡೂ ಸುಳ್ಳಲ್ಲ. ಆದ್ರೆ ಅಷ್ಟನ್ನೇ ನಂಬ್ಕೊಂಡು ಕೂತ್ರೆ ಮೋಸ ಹೋಗ್ತೀವಿ ಅನ್ನೋದು ನನ್ನ ವಾದ.

ನಮ್ಮ ಕಡೆ ನೀರಿನ ದಾರಿ ಹೆಂಗಿದೆ ಅಂತ ಸ್ವಲ್ಪ ನೋಡಿ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಲ್ಲಿ, ಕಾಫಿ ತೋಟಗಳ ಮಧ್ಯೆನೇ ಇಳ್ಕೊಂಡು ಸಕಲೇಶಪುರ ದಾಟಿ ಗೊರೂರು ಡ್ಯಾಮ್‌ಗೆ ಬರುತ್ತೆ. ಯಗಚಿ ಬಾಬಾಬುಡನ್‌ಗಿರಿ ಕಡೆಯಿಂದ ಬೇಲೂರಿಗೆ ಬಂದು ಅಲ್ಲೊಂದು ಡ್ಯಾಮ್ ತುಂಬಿಸಿ ಆಮೇಲೆ ಹೇಮಾವತಿ ಸೇರುತ್ತೆ. ಹಾಸನ ಸಿಟಿ ಕುಡಿಯೋದು ಹೇಮಾವತಿ, ಚಿಕ್ಕಮಗಳೂರು ಸಿಟಿಗೆ ಯಗಚಿ. ಅಂದ್ರೆ ಎರಡೂ ಊರಿನ ನಲ್ಲಿ ನೀರು ತೋಟ, ಗದ್ದೆ, ಶುಂಠಿ ಹೊಲಗಳನ್ನ ತೊಳ್ಕೊಂಡೇ ಬರೋದು. ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಗೆ ಬರೋದನ್ನ ನೋಡಿರ್ತೀರಲ್ಲ, ಆ ಕೆಂಪು ಮಣ್ಣಿನ ಜೊತೆಗೆ ಏನೇನು ಅಂಟ್ಕೊಂಡು ಬರುತ್ತೆ ಅನ್ನೋದೇ ಅರ್ಧ ಕಥೆ.

ಏನೇನು ಹೊಡೀತಾರೆ? ಅರೇಬಿಕಾ ತೋಟದಲ್ಲಿ ಕಾಂಡ ಕೊರೆಯೋ ಹುಳಕ್ಕೆ ಹಿಂದೆ ಲಿಂಡೇನ್ ಬಳೀತಿದ್ರು, ಅದನ್ನ ನಿಲ್ಲಿಸಿದ ಮೇಲೆ ಕ್ಲೋರ್‌ಪೈರಿಫಾಸ್ ಬಂತು, ಅದೂ ಹುಳ ಹಾರಾಡೋ ಏಪ್ರಿಲ್-ಮೇ ಮತ್ತೆ ಅಕ್ಟೋಬರ್-ಡಿಸೆಂಬರಲ್ಲಿ. ಯುರೋಪಲ್ಲಿ 2020ರಲ್ಲೇ ಕ್ಲೋರ್‌ಪೈರಿಫಾಸ್‌ಗೆ ಪರ್ಮಿಷನ್ ಮುಂದುವರಿಸಲಿಲ್ಲ, 2025ರಲ್ಲಿ ಬೇಗ ಒಡೆಯದ ವಿಷಗಳನ್ನ ಜಗತ್ತಲ್ಲೆಲ್ಲಾ ನಿಲ್ಲಿಸೋಕೆ ಇರೋ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಕೆಲವು ವಿನಾಯ್ತಿ ಜೊತೆ ಸೇರಿಸಿದ್ರು. ಆಲೂಗಡ್ಡೆಗೆ ಅಂಗಮಾರಿ ಬಂತು ಅಂದ್ರೆ ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ, ಅದೂ ಮೋಡ ಕವ್ಕೊಂಡಿದ್ರೆ ವಾರಕ್ಕೊಂದ್ಸಲ. ಶುಂಠಿ ಗೆಡ್ಡೆ ಕೊಳೆಗೆ ಮೆಟಲಾಕ್ಸಿಲ್ ಡ್ರೆಂಚಿಂಗ್, ಅಂದ್ರೆ ಎಲೆಗಲ್ಲ, ಸೀದಾ ಮಣ್ಣಿಗೇ ಸುರಿಯೋದು. ರಸ ಹೀರೋ ಹುಳಕ್ಕೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್. ಕಳೆಗೆ ಗ್ಲೈಫೋಸೇಟ್, ಪ್ಯಾರಾಕ್ವಾಟ್. ಗ್ಲೈಫೋಸೇಟನ್ನ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಬಿಟ್ಟು ಬೇರೆಯವರು ಬಳಸಬಾರದು ಅಂತ ಕೇಂದ್ರ ಸರ್ಕಾರ 2022ರಲ್ಲೇ ಆರ್ಡರ್ ಮಾಡಿದೆ, ಕೂಲಿಯೋರು ಸಿಗದ ತೋಟದಲ್ಲಿ ಆ ಆರ್ಡರ್ ಎಷ್ಟು ನಡೀತಿದೆ ಅಂತ ನೀವೇ ನೋಡ್ಕೊಳ್ಳಿ.

ಈಗ ಐಎಸ್ 10500 ಪಟ್ಟಿಗೆ ಬನ್ನಿ. ಅದರಲ್ಲಿ 18 ಕೀಟನಾಶಕಗಳಿಗೆ ಮಿತಿ ಇದೆ. ಡಿಡಿಟಿ, ಎಂಡೋಸಲ್ಫಾನ್, ಆಲ್ಡ್ರಿನ್, ಲಿಂಡೇನ್, ಫೋರೇಟ್, ಮೊನೊಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್, ಹಿಂಗೆ. ಅರ್ಧಕ್ಕರ್ಧ ಈಗಾಗ್ಲೇ ಬ್ಯಾನ್ ಆಗಿರೋ ಹಳೇ ಹೆಸರುಗಳು. ನಮ್ಮ ಗೊಬ್ಬರದ ಅಂಗಡಿ ಕಪಾಟಲ್ಲಿ ಕಾಣೋ ಇಮಿಡಾಕ್ಲೋಪ್ರಿಡ್ ಇಲ್ಲ, ಥಯಾಮೆಥಾಕ್ಸಾಮ್ ಇಲ್ಲ, ಗ್ಲೈಫೋಸೇಟ್ ಇಲ್ಲ, ಮ್ಯಾಂಕೋಜೆಬ್ ಇಲ್ಲ, ಮೆಟಲಾಕ್ಸಿಲ್ ಇಲ್ಲ, ಕಾರ್ಬೆಂಡಜಿಮ್ ಇಲ್ಲ. ಹಾಗಾಗಿ "ನಮ್ಮ ನೀರು ಟೆಸ್ಟಲ್ಲಿ ಪಾಸ್" ಅಂತ ಯಾರಾದ್ರೂ ಹೇಳಿದ್ರೆ, ಯಾವ ಪರೀಕ್ಷೆಯಲ್ಲಿ ಅಂತ ಕೇಳೋದು ತಪ್ಪಲ್ಲ. ಫಿಲ್ಟರ್ ವಿಷಯಕ್ಕೂ ಇದೇ ಪಟ್ಟಿ ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಕುದಿಸಿ ಕುಡಿದ್ರೆ ಆಯ್ತಲ್ಲ ಅನ್ನೋರಿದಾರೆ. ಕುದಿಸಿದ್ರೆ ಕಾಲರಾ, ಟೈಫಾಯ್ಡ್ ರೋಗಾಣು ಸಾಯುತ್ತೆ, ಆದ್ರೆ ಇವುಗಳಲ್ಲಿ ಹೆಚ್ಚಿನವು ಆವಿಯಾಗಿ ಹೋಗೋ ಪೈಕಿ ಅಲ್ಲ, ನೀರು ಇಂಗಿದಷ್ಟೂ ಉಳಿದಿದ್ದು ಸ್ವಲ್ಪ ಗಟ್ಟಿನೇ ಆಗುತ್ತೆ. ಯುವಿ ಲೈಟು ಮನೆ ಫಿಲ್ಟರಲ್ಲಿ ಇರೋ ಮಟ್ಟದಲ್ಲಿ ಬ್ಯಾಕ್ಟೀರಿಯಾ ಕೊಲ್ಲುತ್ತೆ ಅಷ್ಟೆ. ಆಲಂ ಹಾಕಿ ಮಡ್ಡಿ ಇಳ್ಸೋದು ಒಂದು ಮಟ್ಟಿಗೆ ಕೆಲಸಕ್ಕೆ ಬರುತ್ತೆ, ಕ್ಲೋರ್‌ಪೈರಿಫಾಸ್ ಥರದವು ಮಣ್ಣಿನ ಕಣಕ್ಕೇ ಅಂಟ್ಕೊಂಡು ಬರೋದರಿಂದ ಮಣ್ಣು ಇಳಿದ್ರೆ ಅದರ ಜೊತೆ ಒಂದಿಷ್ಟು ಇಳಿಯುತ್ತೆ, ಆದ್ರೆ ಕರಗಿರೋದು ಹಂಗೇ ಇರುತ್ತೆ. ಕ್ಲೋರಿನ್ ವಿಷಯ ಇನ್ನೂ ವಿಚಿತ್ರ. ಕ್ಲೋರ್‌ಪೈರಿಫಾಸ್ ಇರೋ ನೀರಿಗೆ ಕ್ಲೋರಿನ್ ಹಾಕಿದ್ರೆ ಅದು ಆಕ್ಸಾನ್ ಅನ್ನೋ ರೂಪಕ್ಕೆ ತಿರುಗುತ್ತೆ, ಅದು ಮೂಲ ಔಷಧಿಗಿಂತ ನರಗಳಿಗೆ ಇನ್ನೂ ಜಾಸ್ತಿ ಕೆಟ್ಟದ್ದು. ಹಂಗಂತ ಕ್ಲೋರಿನ್ ಬಿಡ್ಬೇಡಿ ಮಾರಾಯ್ರೆ, ರೋಗಾಣುವಿನಿಂದ ಆಗೋ ಸಾವು ಇವತ್ತಿನ ಮಾತು, ಇದು ವರ್ಷಗಟ್ಟಲೆಯ ಮಾತು.

ಹೀಗೆ ಒಂದೊಂದನ್ನೇ ಬಿಟ್ಕೊಂಡು ಬಂದ್ರೆ ಕೊನೆಗೆ ಉಳಿಯೋದು ಎರಡು, ಆರ್‌ಒ ಪೊರೆ (ಒತ್ತಡ ಹಾಕಿ ನೀರನ್ನ ಮಾತ್ರ ದಾಟಿಸೋ ಪೊರೆ) ಮತ್ತೆ ಅಡ್ಸಾರ್ಪ್ಷನ್. ಅಡ್ಸಾರ್ಪ್ಷನ್ ಅಂದ್ರೆ ತುಂಬಾ ತೂತುಗಳಿರೋ ಒಂದು ಘನ ವಸ್ತುವಿನ ಮೈಗೆ ನೀರಲ್ಲಿ ಕರಗಿರೋ ಅಣುಗಳು ಬಂದು ಅಂಟ್ಕೊಳ್ಳೋದು. ಇದಕ್ಕೆ ಸಾಮಾನ್ಯವಾಗಿ ಬಳಸೋದು ಆಕ್ಟಿವೇಟೆಡ್ ಕಾರ್ಬನ್. ಒಳ್ಳೇ ಕಾರ್ಬನ್ ಒಂದೇ ಒಂದು ಗ್ರಾಮಿನ ಒಳಮೈ ಬಿಚ್ಚಿ ಹಾಸಿದ್ರೆ ಸುಮಾರು 1000 ಚದರ ಮೀಟರ್, ಅಂದ್ರೆ ಹತ್ತಿರ ಹತ್ತಿರ 10 ಗುಂಟೆ. ಇದು ಮಾಡೋಕೆ ಬೆಸ್ಟ್ ಕಚ್ಚಾವಸ್ತು ತೆಂಗಿನ ಕರಟ, ಅದು ನಮ್ಮ ಅರಸೀಕೆರೆ-ತಿಪಟೂರು ಕಡೆ ಕೊಬ್ಬರಿ ತೆಗೆದ ಮೇಲೆ ರಾಶಿ ರಾಶಿ ಬೀಳುತ್ತೆ. ಕರಟದ ಕಾರ್ಬನ್‌ನಲ್ಲಿ ತೂತುಗಳು ತುಂಬಾ ಸಣ್ಣವು, ಎರಡು ನ್ಯಾನೋಮೀಟರ್‌ಗಿಂತ ಕಮ್ಮಿ, ಕೀಟನಾಶಕದ ಥರದ ಸಣ್ಣ ಅಣುಗಳಿಗೆ ಹೇಳಿ ಮಾಡಿಸಿದ ಹಾಗೆ. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲದ ಮಾಸ್ಕಿಗೆ ಕರಟದ ಇದ್ದಿಲು ಹಾಕಿದ್ದು ಇದೇ ಕಾರಣಕ್ಕೆ.

ಇಲ್ಲೊಂದು ಗಮನಿಸಬೇಕಾದ್ದು, ಒಲೆಯ ಇದ್ದಿಲು ಬೇರೆ ಇದು ಬೇರೆ. ಕರಟ ಸುಟ್ಟು ಇದ್ದಿಲು ಮಾಡಿದ ಮೇಲೆ ಅದನ್ನ 800-1000 ಡಿಗ್ರಿಯಲ್ಲಿ ಹಬೆ ಹಾಯಿಸಿ ತೂತು ಕೊರೀಬೇಕು, ಅದೇ ಆಕ್ಟಿವೇಷನ್. ಮನೆಯಲ್ಲಿ ಮರಳು, ಜಲ್ಲಿ, ಇದ್ದಿಲು ಪದರ ಹಾಕಿ ಮಾಡೋ ಫಿಲ್ಟರಲ್ಲಿ ವಾಸನೆ, ಬಣ್ಣ ಸ್ವಲ್ಪ ಹೋಗುತ್ತೆ, ಕೀಟನಾಶಕದ ಭರವಸೆ ಅದರ ಮೇಲೆ ಇಡೋ ಹಂಗಿಲ್ಲ.

ಸರಿ, ಕಾರ್ಬನ್ ಇದೆ, ಕೀಟನಾಶಕ ಅಂಟುತ್ತೆ. ಎಲ್ಲಾ ಅಂಟುತ್ತಾ?

ಇಲ್ಲ. ಒಂದು ಅಣು ನೀರನ್ನ ಎಷ್ಟು ಇಷ್ಟ ಪಡುತ್ತೋ ಕಾರ್ಬನ್ನನ್ನ ಅಷ್ಟು ಕಮ್ಮಿ ಇಷ್ಟ ಪಡುತ್ತೆ ಅಂತ ಮೋಟಾಗಿ ಇಟ್ಕೊಳ್ಳಿ. ಕ್ಲೋರ್‌ಪೈರಿಫಾಸ್ ಒಂದು ಲೀಟರ್ ನೀರಲ್ಲಿ ಒಂದೂವರೆ ಮಿಲಿಗ್ರಾಂ ಆಸುಪಾಸು ಮಾತ್ರ ಕರಗುತ್ತೆ, ಅದಕ್ಕೆ ನೀರು ಅಂದ್ರೆ ಅಲರ್ಜಿ, ಕಾರ್ಬನ್ ಸಿಕ್ಕಿದ್ರೆ ಓಡೋಗಿ ಅಂಟುತ್ತೆ. ಡಿಡಿಟಿ, ಎಂಡೋಸಲ್ಫಾನ್, ಲಿಂಡೇನ್ ಇವೂ ಅದೇ ಜಾತಿ. ಹಂಗಾಗಿ ಹಳೇ ಕಾಲದ ಕೀಟನಾಶಕಗಳ ಮೇಲೆ ಕಾರ್ಬನ್ ನಿಜವಾಗ್ಲೂ ಶೂರ. ಆದ್ರೆ ಇಮಿಡಾಕ್ಲೋಪ್ರಿಡ್ ಲೀಟರಿಗೆ 600 ಮಿಲಿಗ್ರಾಂ ಮೇಲೆ ಕರಗುತ್ತೆ, ಥಯಾಮೆಥಾಕ್ಸಾಮ್ 4 ಗ್ರಾಂ, ಮೆಟಲಾಕ್ಸಿಲ್ 8 ಗ್ರಾಂ ಹತ್ರ, ಗ್ಲೈಫೋಸೇಟ್ 10 ಗ್ರಾಂಗೂ ಮೇಲೆ. ಕರಗೋದೊಂದರಿಂದಲೇ ಎಲ್ಲ ತೀರ್ಮಾನ ಆಗಲ್ಲ, ಅಣುವಿನ ಆಕಾರ, ಅದರಲ್ಲಿರೋ ಬೆಂಜೀನ್ ಥರದ ಉಂಗುರ ಇವೂ ಲೆಕ್ಕಕ್ಕೆ ಬರುತ್ತೆ, ಇಮಿಡಾಕ್ಲೋಪ್ರಿಡ್ ಕಾರ್ಬನ್‌ಗೆ ತಕ್ಕಮಟ್ಟಿಗೆ ಅಂಟುತ್ತೆ. ಆದ್ರೆ ಗ್ಲೈಫೋಸೇಟ್ ವಿಷಯದಲ್ಲಿ ಕಾರ್ಬನ್ ಹೆಚ್ಚು ಕಮ್ಮಿ ಕೈಲಾಗದ್ದೇ, ಅದು ಚಾರ್ಜ್ ಹೊತ್ತಿರೋ ಅಣು, ಕಬ್ಬಿಣದ ಆಕ್ಸೈಡು, ಅಲ್ಯೂಮಿನಾ, ಜೇಡಿ ಇಂಥವಕ್ಕೆ ಅಂಟುತ್ತೆ. ಪ್ಯಾರಾಕ್ವಾಟ್ ಪಾಸಿಟಿವ್ ಚಾರ್ಜಿಂದು, ಜೇಡಿಮಣ್ಣು ಸಿಕ್ಕಿದ್ರೆ ಬಿಡಿಸೋಕಾಗದ ಹಾಗೆ ಕಚ್ಕೊಳ್ಳುತ್ತೆ, ಅದಕ್ಕೇ ಪ್ಯಾರಾಕ್ವಾಟ್ ಕುಡಿದೋರಿಗೆ ಆಸ್ಪತ್ರೆಯಲ್ಲಿ ಮುಲ್ತಾನಿ ಮಿಟ್ಟಿ ಜಾತಿಯ ಮಣ್ಣು ಕೊಡೋ ಪದ್ಧತಿ ಬಂದಿದ್ದು (ಮನೆಮದ್ದು ಅಂತ ತಿಳ್ಕೊಂಡು ಕೂರ್ಬೇಡಿ, ಅಂಥ ಕೇಸಲ್ಲಿ ಒಂದೊಂದು ನಿಮಿಷನೂ ಆಸ್ಪತ್ರೆಗೆ ಹೋಗೋಕೇ ಬೇಕು).

ಮ್ಯಾಂಕೋಜೆಬ್ ಕಥೆ ಇದಕ್ಕಿಂತ ಸೂಕ್ಷ್ಮ. ಮ್ಯಾಂಕೋಜೆಬ್ ನೀರಲ್ಲಿ ಕರಗೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ, ನೀರಿಗೆ ಬಿದ್ರೂ ಒಂದೆರಡು ದಿನದಲ್ಲಿ ಒಡೆದು ಹೋಗುತ್ತೆ. ಕೇಳೋಕೆ ಖುಷಿ. ಆದ್ರೆ ಒಡೆದಾಗ ಬರೋದು ಇಟಿಯು, ಅಂದ್ರೆ ಎಥಿಲೀನ್ ಥಯೋಯೂರಿಯಾ, ಅದು ಥೈರಾಯ್ಡ್‌ಗೆ ಒಳ್ಳೇದಲ್ಲ, ಜೊತೆಗೆ ಲೀಟರಿಗೆ 20 ಗ್ರಾಂ ಕರಗೋ ಸಣ್ಣ ಅಣು, ಮಣ್ಣೂ ಹಿಡಿಯಲ್ಲ ಕಾರ್ಬನ್ನೂ ಸರಿಯಾಗಿ ಹಿಡಿಯಲ್ಲ. ಅಂದ್ರೆ ಆಲೂಗಡ್ಡೆ ಸೀಸನಲ್ಲಿ ಮ್ಯಾಂಕೋಜೆಬ್ ಇದೆಯಾ ಅಂತ ನೀರು ಟೆಸ್ಟ್ ಮಾಡ್ಸಿ "ಇಲ್ಲ" ಅಂತ ಬಂದ್ರೆ ಅದು ಪ್ರಶ್ನೆಯ ತಪ್ಪು.

ಇದು ಬರೀ ಥಿಯರಿ ಅಲ್ಲ ಅನ್ನೋದಕ್ಕೆ ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ವಾಟರ್ ಕಂಪನಿಗಳು ಅಟ್ರಾಜಿನ್ ಥರದ ಕಳೆನಾಶಕ ತೆಗೆಯೋಕೆ 1990ರ ದಶಕದಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ದೊಡ್ಡ ದೊಡ್ಡ ಕಾರ್ಬನ್ ತೊಟ್ಟಿ ಕಟ್ಕೊಂಡ್ರು, ಕೆಲಸನೂ ಮಾಡ್ತು. 2007ರ ಹೊತ್ತಿಗೆ ಮೆಟಾಲ್ಡಿಹೈಡ್ ಅನ್ನೋದು ನೀರಲ್ಲಿ ಕಾಣಿಸ್ಕೊಳ್ತು, ಅದು ಗೊಂಡೆಹುಳ, ಬಸವನಹುಳಕ್ಕೆ ಹಾಕೋ ಗುಳಿಗೆ. ಅಷ್ಟು ದುಬಾರಿ ಕಾರ್ಬನ್ ತೊಟ್ಟಿಗಳು ಅದರ ಮುಂದೆ ಬಹುತೇಕ ನಿಷ್ಪ್ರಯೋಜಕ ಆದ್ವು, ಯಾಕಂದ್ರೆ ಅದು ನೀರಿಗೆ ಅಂಟ್ಕೊಂಡಿರೋ ಸಣ್ಣ ಅಣು. ಕೊನೆಗೆ ಆಂಗ್ಲಿಯನ್ ವಾಟರ್ ಕಂಪನಿ ಏನ್ಮಾಡ್ತು ಅಂದ್ರೆ, ಕೆರೆ ಮೇಲ್ಗಡೆ ಇರೋ ರೈತರಿಗೆ ದುಡ್ಡು ಕೊಟ್ಟು ಮೆಟಾಲ್ಡಿಹೈಡ್ ಬಿಟ್ಟು ಕಬ್ಬಿಣದ ಫಾಸ್ಫೇಟ್ ಗುಳಿಗೆ ಹಾಕಿ ಅಂತು. ಫಿಲ್ಟರ್‌ಗೆ ಹಾಕೋದಕ್ಕಿಂತ ಅದೇ ಅಗ್ಗ ಬಿತ್ತು. 2022ರ ಮಾರ್ಚ್ ಕೊನೆಗೆ ಅಲ್ಲಿ ಹೊರಾಂಗಣ ಬಳಕೆನೇ ಬ್ಯಾನ್ ಆಯ್ತು. ನಮ್ಮ ಕಡೆ ತೋಟಗಳಲ್ಲೂ ಆಫ್ರಿಕನ್ ಬಸವನಹುಳ ಕಾಟ ಬಂದಾಗ ಹಾಕೋದು ಇದೇ ಗುಳಿಗೆ ಅಂತ ನೆನಪಿರಲಿ.

ಈಗ ಆ 99 ಪರ್ಸೆಂಟಿಗೆ ಬರೋಣ, ನನಗೆ ಜಾಸ್ತಿ ತಕರಾರು ಇರೋದು ಇಲ್ಲೇ. ಲ್ಯಾಬಲ್ಲಿ ಮಾಡೋದು ಹೇಗೆ ಅಂದ್ರೆ, ಶುದ್ಧ ಡಿಸ್ಟಿಲ್ಡ್ ನೀರು ತಗೊಂಡು ಅದಕ್ಕೆ ಒಂದೇ ಒಂದು ಕೀಟನಾಶಕ ಲೀಟರಿಗೆ 10, 20, 50 ಮಿಲಿಗ್ರಾಂ ಬೆರೆಸಿ, ಇದ್ದಿಲಿನ ಪುಡಿ ಹಾಕಿ ಗಂಟೆಗಟ್ಟಲೆ ಶೇಕ್ ಮಾಡಿ, ಎಷ್ಟು ಉಳೀತು ಅಂತ ಅಳೆಯೋದು. ಗ್ರಾಂ ಇದ್ದಿಲಿಗೆ 50 ಮಿಲಿಗ್ರಾಂ ಅಂಟ್ಕೊಳ್ತು ಅಂತ ಬಂತು ಅನ್ಕೊಳ್ಳಿ. ಈ ನಂಬರ್ ಹಿಡ್ಕೊಂಡು ಒಂದು ಮನೆ ಲೆಕ್ಕ ಹಾಕಿ. ಕುಡಿಯೋಕೆ, ಅಡಿಗೆಗೆ ದಿನಕ್ಕೆ 20 ಲೀಟರ್, ವರ್ಷಕ್ಕೆ 7300 ಲೀಟರ್. ನೀರಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಔಷಧಿ ಇದ್ರೆ ವರ್ಷಕ್ಕೆ ಬರೋದು ಒಟ್ಟು 7.3 ಮಿಲಿಗ್ರಾಂ. ಅಂದ್ರೆ ಕಾಲು ಗ್ರಾಂ ಇದ್ದಿಲೂ ಬೇಡ ಒಂದು ವರ್ಷಕ್ಕೆ! ಇಷ್ಟು ಸುಲಭ ಆಗಿದ್ರೆ ಯಾರೂ ಕಾರ್ಟ್ರಿಡ್ಜ್ ಬದಲಾಯಿಸೋದೇ ಬೇಕಿರಲಿಲ್ಲ.

ಎಲ್ಲಿ ತಪ್ಪುತ್ತೆ? ಮೊದಲನೇದು, ಕಾರ್ಬನ್ ಎಷ್ಟು ಹಿಡಿಯುತ್ತೆ ಅನ್ನೋದು ನೀರಲ್ಲಿ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ. ಗಟ್ಟಿ ದ್ರಾವಣದಲ್ಲಿ ಜಾಸ್ತಿ ಹಿಡಿಯುತ್ತೆ, ತೆಳು ದ್ರಾವಣದಲ್ಲಿ ಕಮ್ಮಿ. ಫ್ರಾಯಿಂಡ್ಲಿಶ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ನೂರು ವರ್ಷದ ಹಿಂದೆಯೇ ಇದನ್ನ ಸಮೀಕರಣಕ್ಕೆ ಇಳಿಸಿದಾನೆ. ಅದರ ಘಾತ ಅರ್ಧ ಅಂತ ಇಟ್ಕೊಂಡ್ರೆ, ಲೀಟರಿಗೆ 50 ಮಿಲಿಗ್ರಾಂನಿಂದ 1 ಮೈಕ್ರೋಗ್ರಾಂಗೆ ಇಳಿದಾಗ, ಅಂದ್ರೆ 50,000 ಪಟ್ಟು ತೆಳುವಾದಾಗ, ಹಿಡಿಯೋ ತಾಕತ್ತು 200 ಪಟ್ಟಿಗಿಂತ ಜಾಸ್ತಿ ಬೀಳುತ್ತೆ. ಪೇಪರಲ್ಲಿ ಬರೋದು ಮೊದಲನೇ ನಂಬರ್, ನಲ್ಲಿಯಲ್ಲಿ ಸಿಗೋದು ಎರಡನೇದು.

ಎರಡನೇದು, ಹೊಳೆ ನೀರು ಡಿಸ್ಟಿಲ್ಡ್ ನೀರಲ್ಲ. ಕಾಡು, ತೋಟದ ತರಗೆಲೆ ಕೊಳೆತು ಬರೋ ಹ್ಯೂಮಿಕ್ ಪದಾರ್ಥ ಮಳೆಗಾಲದಲ್ಲಿ ಹೊಳೆಗೆ ಬಂದೇ ಬರುತ್ತೆ. ಅದು ಲೀಟರಿಗೆ ಎರಡೇ ಮಿಲಿಗ್ರಾಂ ಅಂತ ಇಟ್ಕೊಂಡ್ರೂ ಔಷಧಿಗಿಂತ 2000 ಪಟ್ಟು. ಹಾಸನ ಬಸ್‌ಸ್ಟ್ಯಾಂಡಲ್ಲಿ ಹಬ್ಬದ ಹಿಂದಿನ ದಿನ ಬಸ್ ನಿಲ್ಲೋ ಮುಂಚೆನೇ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿದುಬಿಡ್ತಾರಲ್ಲ, ಹಂಗೆ ಕಾರ್ಬನ್ನಿನ ಜಾಗಗಳನ್ನೆಲ್ಲಾ ಈ ಹ್ಯೂಮಿಕ್ಕು ಮೊದಲೇ ಹಿಡ್ಕೊಂಡಿರುತ್ತೆ, ಕೀಟನಾಶಕ ಬರೋ ಹೊತ್ತಿಗೆ ನಿಲ್ಲೋಕೂ ಜಾಗ ಇರಲ್ಲ. ಅದೂ ದಪ್ಪ ಅಣುಗಳು ಸಣ್ಣ ತೂತುಗಳ ಬಾಯಿಗೇ ಅಡ್ಡ ಕೂರುತ್ತೆ, ಒಳಗೆ ಜಾಗ ಖಾಲಿ ಇದ್ರೂ ಹೋಗೋ ದಾರಿ ಇಲ್ಲ.

ಮೂರನೇದು ಟೈಮು. ದೊಡ್ಡ ಪ್ಲಾಂಟಲ್ಲಿ ನೀರು ಕಾರ್ಬನ್ ಜೊತೆ 10-20 ನಿಮಿಷ ಇರೋ ಹಾಗೆ ಡಿಸೈನ್ ಮಾಡ್ತಾರೆ. ಮನೆಯಲ್ಲಿ ಅರ್ಧ ಲೀಟರ್ ಕಾರ್ಬನ್ ಹಿಡಿಯೋ ಕಾರ್ಟ್ರಿಡ್ಜಲ್ಲಿ ನಿಮಿಷಕ್ಕೆ 2 ಲೀಟರ್ ನೀರು ಬಿಟ್ರೆ ಸಿಗೋದು 15 ಸೆಕೆಂಡ್.

ಈ ಮೂರಕ್ಕಿಂತ ದೊಡ್ಡ ಸಮಸ್ಯೆ ಅಂದ್ರೆ ಕಾರ್ಬನ್ ತುಂಬಿ ಹೋಗಿದ್ದು ಗೊತ್ತಾಗೋದೇ ಇಲ್ಲ. ಮಡ್ಡಿ ಫಿಲ್ಟರ್ ಕಟ್ಕೊಂಡ್ರೆ ನೀರು ನಿಧಾನ ಆಗುತ್ತೆ, ಆರ್‌ಒ ಪೊರೆ ಹೋದ್ರೆ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣ ಅಳೆಯೋ ಮೀಟರ್ ಏರುತ್ತೆ. ಕಾರ್ಬನ್ ಮುಗಿದ್ರೆ ನೀರು ಅದೇ ಸ್ಪೀಡಲ್ಲಿ, ಅದೇ ರುಚಿಯಲ್ಲಿ, ಅದೇ ಟಿಡಿಎಸ್‌ನಲ್ಲಿ ಬರ್ತಾನೇ ಇರುತ್ತೆ. ಟಿಡಿಎಸ್ ಮೀಟರ್‌ಗೆ ಕೀಟನಾಶಕ ಕಾಣೋದೇ ಇಲ್ಲ, ಸರ್ವೀಸಿಗೆ ಬಂದ ಹುಡುಗ ಮೀಟರ್ ಅದ್ದಿ ತೋರಿಸಿ "ನೋಡಿ ಸರ್ 40 ಇದೆ, ಸೂಪರ್" ಅಂದ್ರೆ ಅದಕ್ಕೂ ಔಷಧಿಗೂ ಸಂಬಂಧ ಇಲ್ಲ. ಇನ್ನೂ ಒಂದು, ಒಂದು ವಾರ ಹೊಳೆಯಲ್ಲಿ ಔಷಧಿ ಜಾಸ್ತಿ ಬಂದು ಕಾರ್ಬನ್ ತುಂಬ್ಕೊಂಡು, ಮುಂದಿನ ವಾರ ನೀರು ಚೊಕ್ಕಟ ಆದ್ರೆ, ಹಿಡ್ಕೊಂಡಿದ್ದನ್ನ ಅದು ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಿಡೋದೂ ಉಂಟು. ಹಳೇ ಕಾರ್ಟ್ರಿಡ್ಜ್ ವರ್ಷಗಟ್ಟಲೆ ಇಟ್ಕೊಳ್ಳೋದು ಅಂದ್ರೆ ಇದೇ.

ಆರ್‌ಒ ಇರೋರು ಸ್ವಲ್ಪ ನೆಮ್ಮದಿಯಾಗಿರಬಹುದು. ಪೊರೆ ಚಾರ್ಜ್ ಇರೋ ಗ್ಲೈಫೋಸೇಟ್ ಥರದವನ್ನ ಚೆನ್ನಾಗಿ ತಡೆಯುತ್ತೆ, ಸಣ್ಣ ಮತ್ತೆ ಚಾರ್ಜ್ ಇಲ್ಲದ ಅಣುಗಳು ಒಂದಿಷ್ಟು ನುಸುಳುತ್ತೆ. ಹಳ್ಳಿಗಳಲ್ಲಿ ಐದು ರೂಪಾಯಿ ಕಾಯಿನ್ ಹಾಕಿದ್ರೆ ಕ್ಯಾನ್ ತುಂಬೋ ಶುದ್ಧ ಕುಡಿಯೋ ನೀರಿನ ಘಟಕಗಳಲ್ಲಿ ಮರಳು, ಕಾರ್ಬನ್, ಆರ್‌ಒ, ಯುವಿ ನಾಲ್ಕೂ ಸಾಲಾಗಿ ಇರುತ್ತೆ, ಕಾಗದದ ಮೇಲೆ ಒಳ್ಳೇ ವ್ಯವಸ್ಥೆನೇ. ಆ ಕಾರ್ಬನ್ ಕೊನೇ ಸಲ ಬದಲಾಯಿಸಿದ್ದು ಯಾವಾಗ ಅಂತ ಬೋರ್ಡ್ ಹಾಕಿರೋದು ಮಾತ್ರ ನಾನು ನೋಡಿಲ್ಲ.

ಹೊಸ ಮೆಟೀರಿಯಲ್‌ಗಳ ಬಗ್ಗೆನೂ ಕೇಳ್ತಾರೆ. ಐಐಟಿ ಮದ್ರಾಸ್‌ನ ಪ್ರೊ. ಟಿ. ಪ್ರದೀಪ್ ತಂಡ ಬೆಳ್ಳಿ ನ್ಯಾನೋ ಕಣ ಬಳಸಿ ಎಂಡೋಸಲ್ಫಾನ್, ಮಲಾಥಿಯಾನ್, ಕ್ಲೋರ್‌ಪೈರಿಫಾಸ್ ತೆಗೆಯೋ ವಿಧಾನ ಮಾಡಿ ಅದು ಮನೆ ಫಿಲ್ಟರ್ ಆಗಿ ಮಾರ್ಕೆಟಿಗೂ ಬಂತು, ಇಂಥ ಕೆಲಸದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. 2025ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದು ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್ (ಲೋಹ, ಸಾವಯವ ಅಣು ಸೇರಿಸಿ ಕಟ್ಟೋ ತೂತು ತೂತಿನ ಹಂದರ) ಕಂಡುಹಿಡಿದ ಕಿಟಗಾವ, ರಾಬ್ಸನ್, ಯಾಘಿ ಮೂವರಿಗೆ, ಅವುಗಳ ತೂತಿನ ಸೈಜನ್ನೇ ಬೇಕಾದ ಅಣುವಿಗೆ ತಕ್ಕ ಹಾಗೆ ಕಟ್ಟಬಹುದು, ಕೀಟನಾಶಕದ ಮೇಲೂ ತುಂಬಾ ಪ್ರಯೋಗ ನಡೀತಿದೆ. ಆದ್ರೆ ಕರಟದ ಕಾರ್ಬನ್ ಕಿಲೋಗಟ್ಟಲೆ ಸಿಗುತ್ತೆ, ಇವು ಅಷ್ಟು ಸುಲಭಕ್ಕೆ ಸಿಗಲ್ಲ. ಪಂಚಾಯ್ತಿ ನೀರಿಗೆ ಇದು ಬರೋಕೆ ಟೈಮ್ ಇದೆ.

ನನಗೆ ಅನ್ಸೋದು, ನಾವು ಇದ್ದಿಲನ್ನ ತಪ್ಪು ಜಾಗದಲ್ಲಿ ಇಡ್ತಿದೀವಿ. ಮೇಲೆ ಹೇಳಿದ ಲೆಕ್ಕನೇ ಉಲ್ಟಾ ಓದಿ. ತೆಳು ನೀರಲ್ಲಿ ಕಾರ್ಬನ್ ದುರ್ಬಲ, ಗಟ್ಟಿ ದ್ರಾವಣದಲ್ಲಿ ಬಲಶಾಲಿ. ಔಷಧಿ ಅತೀ ಗಟ್ಟಿಯಾಗಿರೋದು ಎಲ್ಲಿ? ಬ್ಯಾರಲ್‌ನಲ್ಲಿ. ಲೀಟರಿಗೆ 2 ಎಂಎಲ್ ಹಾಕಿ ಕಲಸಿದ ಕ್ಲೋರ್‌ಪೈರಿಫಾಸ್ ದ್ರಾವಣದಲ್ಲಿ ಲೀಟರಿಗೆ 400 ಮಿಲಿಗ್ರಾಂ ಇರುತ್ತೆ. ಸ್ಪ್ರೇಯರ್ ತಳದಲ್ಲಿ ಉಳಿದ ಒಂದೇ ಲೀಟರ್ ಹಳ್ಳಕ್ಕೆ ಚೆಲ್ಲಿದ್ರೆ 13,000 ಲೀಟರ್ ನೀರು ಮಿತಿಗೆ ಬಂದು ನಿಲ್ಲುತ್ತೆ. ನಮ್ಮಲ್ಲಿ ಬ್ಯಾರಲ್ ಇಡೋದೆಲ್ಲಿ ಅಂದ್ರೆ ನೀರು ಹತ್ರ ಇರ್ಲಿ ಅಂತ ಹಳ್ಳದ ಪಕ್ಕ, ಕೃಷಿಹೊಂಡದ ದಂಡೆ ಮೇಲೆ, ಬಾವಿ ಕಟ್ಟೆ ಹತ್ರ. ಸಂಜೆ ಕೆಲಸ ಮುಗಿಸಿ ಪಂಪು, ಪೈಪು, ಬಟ್ಟೆ, ಕೈಕಾಲು ತೊಳೆಯೋದೂ ಅಲ್ಲೇ. ಖಾಲಿ ಬಾಟ್ಲಿ ಬಿಸಾಕೋದೂ ಅಲ್ಲೇ. ಯುರೋಪಲ್ಲಿ ಹೊಳೆಗಳಿಗೆ ಬರೋ ಕೀಟನಾಶಕದ ದೊಡ್ಡ ಪಾಲು ಹೊಲದಿಂದಲ್ಲ, ಇಂಥ ತುಂಬೋ-ತೊಳೆಯೋ ಜಾಗಗಳಿಂದ ಬರ್ತಿದೆ ಅಂತ ತುಂಬಾ ಕಡೆ ಕಂಡ್ಕೊಂಡಿದಾರೆ.

ಸ್ವೀಡನ್‌ನಲ್ಲಿ 1993ರಲ್ಲಿ ಇದಕ್ಕೆ ಒಂದು ಸಿಂಪಲ್ ಉಪಾಯ ಶುರುವಾಯ್ತು, ಬಯೋಬೆಡ್ ಅಂತ. ನೆಲದಲ್ಲಿ ಒಂದು ಗುಂಡಿ, ತಳಕ್ಕೆ ಜೇಡಿ, ಅದರ ಮೇಲೆ ಅರ್ಧ ಪಾಲು ಹುಲ್ಲಿನ ಚೂರು, ಕಾಲು ಪಾಲು ಪೀಟ್ (ಜೌಗಲ್ಲಿ ಗಿಡ ಅರೆಬರೆ ಕೊಳೆತು ಆಗೋ ಕಪ್ಪು ಪದಾರ್ಥ), ಕಾಲು ಪಾಲು ಮಣ್ಣು ಕಲಸಿ ತುಂಬೋದು, ಮೇಲೆ ಹುಲ್ಲು ಬೆಳೆಸೋದು. ಬ್ಯಾರಲ್ ಕಲಸೋದು, ಪಂಪ್ ತೊಳೆಯೋದು ಅದರ ಮೇಲೇ. ಚೆಲ್ಲಿದ ಔಷಧಿಯನ್ನ ಪೀಟು, ಮಣ್ಣು ಹಿಡ್ಕೊಳ್ಳುತ್ತೆ, ಹುಲ್ಲಿನ ಮೇಲೆ ಬೆಳೆಯೋ ಶಿಲೀಂಧ್ರ ಅದನ್ನ ನಿಧಾನಕ್ಕೆ ತಿಂದು ಒಡೆಯುತ್ತೆ. ಫಿಲ್ಟರ್‌ಗೂ ಇದಕ್ಕೂ ಇರೋ ವ್ಯತ್ಯಾಸನೇ ಅದು, ಫಿಲ್ಟರ್ ಬರೀ ಹಿಡಿಯುತ್ತೆ, ಇದು ಹಿಡಿದು ಮುಗಿಸುತ್ತೆ.

ನಮ್ಮ ಕಡೆ ಪೀಟ್ ಸಿಗಲ್ಲ, ಬೇಡ ಕೂಡ. ತೆಂಗಿನ ನಾರಿನ ಪುಡಿ ಇದೆ, ಭತ್ತದ ಹುಲ್ಲು ಇದೆ, ಕೊಟ್ಟಿಗೆ ಗೊಬ್ಬರ ಇದೆ, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ರಾಶಿ ಬಿದ್ದಿರುತ್ತೆ. ಕಾಫಿ ಹೊಟ್ಟನ್ನ ಗಾಳಿ ಕಮ್ಮಿ ಕೊಟ್ಟು 500-600 ಡಿಗ್ರಿಯಲ್ಲಿ ಸುಟ್ರೆ ಬರೋ ಬಯೋಚಾರ್ ಆಕ್ಟಿವೇಟೆಡ್ ಕಾರ್ಬನ್ ಅಷ್ಟು ತೂತಿಂದಲ್ಲ, ಅದರ ಒಳಮೈ ಗ್ರಾಂಗೆ ಹತ್ತಾರರಿಂದ ಕೆಲವು ನೂರು ಚದರ ಮೀಟರ್ ಅಷ್ಟೆ, ಪೊಟ್ಯಾಶ್ ಬೂದಿ ಜಾಸ್ತಿ. ಕುಡಿಯೋ ನೀರಿಗೆ ಅದನ್ನ ನಾನು ನೆಚ್ಕೊಳ್ಳಲ್ಲ. ಆದ್ರೆ ಲೀಟರಿಗೆ ನೂರಾರು ಮಿಲಿಗ್ರಾಂ ಇರೋ ತೊಳೆದ ನೀರು ಬೀಳೋ ಗುಂಡಿಗೆ ಧಾರಾಳ ಸಾಕು, ಇಲ್ಲಿ ಯಾರೂ 99.9 ಕೇಳ್ತಿಲ್ಲ. ಆ 99 ಪರ್ಸೆಂಟಿನ ಲ್ಯಾಬ್ ನಂಬರುಗಳು ನಿಜವಾಗ್ಲೂ ಹೊಂದೋ ಜಾಗ ಅಂದ್ರೆ ಇದೇ.

ಒಂದೇ ತೊಡಕು ಮಳೆ. ಸ್ವೀಡನ್ ಬೇರೆ, ವರ್ಷಕ್ಕೆ 2000 ಮಿಲಿಮೀಟರ್ ದಾಟೋ ಸಕಲೇಶಪುರ, ಮೂಡಿಗೆರೆ ಬೇರೆ. ಮೇಲೆ ಶೀಟ್ ಹಾಕದಿದ್ರೆ ಜೂನ್ ಕಳೆಯೋದ್ರೊಳಗೆ ಗುಂಡಿ ತುಂಬಿ ಹಿಡಿದಿದ್ದೆಲ್ಲಾ ಹಳ್ಳಕ್ಕೆ ಹೋಗುತ್ತೆ. ಹಾಗಾಗಿ ಶೀಟು, ತಳಕ್ಕೆ ದಪ್ಪ ಟಾರ್ಪಲ್, ಹಳ್ಳದಿಂದ ದೂರ, ಎತ್ತರದ ಜಾಗ, ಇಷ್ಟು ಬೇಕೇ ಬೇಕು. ಖಾಲಿ ಬಾಟ್ಲಿಯನ್ನ ಮೂರು ಸಲ ತೊಳೆದು ಆ ನೀರನ್ನ ವಾಪಸ್ ಬ್ಯಾರಲ್‌ಗೇ ಹಾಕಿ ಬೆಳೆಗೆ ಹೊಡೆದ್ರೆ ಗುಂಡಿಗೂ ಭಾರ ಕಮ್ಮಿ. ಬಯೋಚಾರ್ ಒಳ್ಳೇದು ಅಂತ ಇಡೀ ತೋಟಕ್ಕೆ ಎರಚೋಕೆ ಹೋದ್ರೆ ಮಾತ್ರ ಇನ್ನೊಂದು ಎಡವಟ್ಟು ಇದೆ, ಮಣ್ಣಿಗೆ ಹಾಕೋ ಕಳೆನಾಶಕವನ್ನ ಅದೇ ಹಿಡ್ಕೊಂಡು ಕಳೆ ಸಾಯಲ್ಲ, ರೈತ ಡೋಸ್ ಜಾಸ್ತಿ ಮಾಡ್ತಾನೆ.

ಬಳಸಿ ಬಿಟ್ಟ ಕಾರ್ಬನ್ ಏನ್ಮಾಡೋದು ಅಂತ ಯಾರೂ ಕೇಳಲ್ಲ. ಫ್ಯಾಕ್ಟರಿಗಳಲ್ಲಿ ಅದನ್ನ ಮತ್ತೆ 800 ಡಿಗ್ರಿಗೆ ಕಾಯಿಸಿ ಹೊಸದು ಮಾಡ್ತಾರೆ. ನಾವು ತಿಪ್ಪೆಗೆ ಎಸೀತೀವಿ, ಇಲ್ಲಾಂದ್ರೆ ಬಚ್ಚಲ ಒಲೆಗೆ ಹಾಕ್ತೀವಿ. ಕ್ಲೋರಿನ್ ಇರೋ ಕೀಟನಾಶಕ ಹಿಡಿದಿರೋದನ್ನ ಕಮ್ಮಿ ಉರಿಯಲ್ಲಿ ಸುಟ್ರೆ ಬರೋ ಹೊಗೆ ನೀರಲ್ಲಿದ್ದಿದ್ದಕ್ಕಿಂತ ಕೆಟ್ಟದ್ದು. ಮನೆ ಕಾರ್ಟ್ರಿಡ್ಜ್‌ನ ಒಣ ಕಸದ ಜೊತೆ ಕೊಡೋದೇ ಸದ್ಯಕ್ಕೆ ವಾಸಿ.

ಇದೆಲ್ಲಾ ಮಾಡೋಕೆ ಮುಂಚೆ ನೀರಲ್ಲಿ ಏನಿದೆ ಅಂತ ಗೊತ್ತಿರಬೇಕು. ಜಲ ಜೀವನ್ ಮಿಷನ್‌ನಲ್ಲಿ ಪಂಚಾಯ್ತಿಗೆ ಕೊಟ್ಟಿರೋ ಕಿಟ್‌ನಲ್ಲಿ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರಿನ್ ಇಂಥವು ಗೊತ್ತಾಗುತ್ತೆ, ಕೀಟನಾಶಕ ಗೊತ್ತಾಗಲ್ಲ. ಅದಕ್ಕೆ ಎಲ್‌ಸಿ-ಎಂಎಸ್, ಜಿಸಿ-ಎಂಎಸ್ ಅನ್ನೋ ಸೂಕ್ಷ್ಮ ಯಂತ್ರ ಇರೋ, ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬೇ ಬೇಕು, ಸಾವಿರಾರು ರೂಪಾಯಿ ಆಗುತ್ತೆ, ಒಂದು ಮನೆಗೆ ಜಾಸ್ತಿ, ಒಂದು ಪಂಚಾಯ್ತಿಗೆ ಅಥವಾ ಒಂದು ಸಹಕಾರ ಸಂಘಕ್ಕೆ ಜಾಸ್ತಿ ಅಲ್ಲ. ಮಾಡಿಸೋದಿದ್ರೆ ಜನವರಿಯಲ್ಲಿ ನೀರು ತಿಳಿಯಾಗಿರೋವಾಗ ಬೇಡ. ಡ್ರೆಂಚಿಂಗ್ ಆದ ಮೇಲೆ ಬರೋ ಮೊದಲ ಒಂದೆರಡು ಜೋರು ಮಳೆಗೆ ತಗೊಳ್ಳಿ. ಪ್ಲಾಸ್ಟಿಕ್ ಬಾಟ್ಲಿ ಬೇಡ, ಕ್ಲೋರ್‌ಪೈರಿಫಾಸ್ ಬಾಟ್ಲಿ ಗೋಡೆಗೇ ಅಂಟ್ಕೊಂಡು ರಿಪೋರ್ಟಲ್ಲಿ ಕಮ್ಮಿ ಬರುತ್ತೆ. ಕಂದು ಬಣ್ಣದ ಗಾಜಿನ ಬಾಟ್ಲಿ ಲ್ಯಾಬ್‌ನೋರೇ ಕೊಡ್ತಾರೆ, ಐಸ್ ಡಬ್ಬದಲ್ಲಿ ಇಟ್ಟು ಬೇಗ ತಲುಪಿಸಿ. "ಕೀಟನಾಶಕ ಟೆಸ್ಟ್ ಮಾಡ್ಕೊಡಿ" ಅಂತ ಬರೀ ಬಾಯಲ್ಲಿ ಹೇಳಿದ್ರೆ ಆ ಹಳೇ 18ರ ಪಟ್ಟಿನೇ ಮಾಡಿ ಕೊಡೋದು ಸಹಜ. ಊರಿನ ಗೊಬ್ಬರದ ಅಂಗಡಿಯಲ್ಲಿ ಈ ಸೀಸನ್ ಜಾಸ್ತಿ ಹೋಗಿದ್ದು ಯಾವುದು ಅಂತ ಕೇಳಿ ಬರ್ಕೊಂಡು ಹೋಗಿ ಆ ಹೆಸರುಗಳನ್ನ ಕೊಡಿ, ಗ್ಲೈಫೋಸೇಟ್ ಮತ್ತೆ ಇಟಿಯು ಹಲವು ಔಷಧಿ ಒಟ್ಟಿಗೇ ನೋಡೋ ಮಾಮೂಲಿ ಮಲ್ಟಿ-ರೆಸಿಡ್ಯೂ ಟೆಸ್ಟಲ್ಲಿ ಸಾಮಾನ್ಯವಾಗಿ ಬರಲ್ಲ, ಬೇರೆ ಟೆಸ್ಟ್ ಮಾಡ್ಬೇಕು, ಅದನ್ನ ಮೊದಲೇ ಹೇಳಿ ರೇಟ್ ಕೇಳ್ಕೊಳ್ಳಿ.